ಒಳಗಡೆಯ ಪ್ಯಾಡ್

ಇಂಗ್ಲೆಂಡಿನಲ್ಲಿ ಕಾರು ಇಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷೆ ಕಾರಿಗೆ, ಎದೆ ಹೊಡ್ಕೊಳ್ಳೋದು ನಮಗೆ. ಅದರ ಹೆಸರು ಎಂಓಟಿ. ನಮ್ಮ ಕಡೆ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ‘ಎಫ್‌ಸಿ ಮಾಡಿಸೋದು’ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಆದರೆ ಇಲ್ಲಿ ಮನೆಯ ಸ್ವಂತ ಕಾರಿಗೂ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಮಾಡಿಸಲೇಬೇಕು. ನಮ್ಮಲ್ಲಿ ಸ್ವಂತ ಕಾರು ತಗೊಂಡವರು 15 ವರ್ಷ ಎಮಿಷನ್ ಟೆಸ್ಟ್ ಚೀಟಿಯೊಂದನ್ನ ಇಟ್ಕೊಂಡು ಓಡಾಡಬಹುದು, ಬ್ರೇಕು ಹೇಗಿದೆ ಅಂತ ಯಾರೂ ಕೇಳಲ್ಲ.

ಎಂಓಟಿ ಅಂದ್ರೆ ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್. ಈ ಪರೀಕ್ಷೆ ಶುರುವಾಗಿದ್ದು 1960ರಲ್ಲಿ. ಆಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಇತ್ತು, ನೋಡ್ತಾ ಇದ್ದದ್ದು ಬ್ರೇಕು, ಲೈಟು, ಸ್ಟಿಯರಿಂಗ್ ಇಷ್ಟೇ. 1967ರಲ್ಲಿ ಅದು ಮೂರು ವರ್ಷಕ್ಕೆ ಇಳೀತು. ಆ ಇಲಾಖೆಗೆ ಈಗ ಬೇರೆ ಹೆಸರು ಬಂದಿದೆ, ಪರೀಕ್ಷೆಗೆ ಮಾತ್ರ ಹಳೇ ಹೆಸರೇ ಉಳಿದಿದೆ.

ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಕಳೆದ ವರ್ಷ ಅಕ್ಟೋಬರಿನಲ್ಲಿ ಕವೆಂಟ್ರಿಯ ನಮ್ಮ ಮನೆ ಹತ್ತಿರದ ಗ್ಯಾರೇಜಿನಲ್ಲಿ ಎಂಓಟಿ ಮಾಡಿಸಿದೆ. ಪಾಸ್. ಹಾಳೆಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ‘ಫ್ರಂಟ್ ಬ್ರೇಕ್ ಪ್ಯಾಡ್ಸ್ ವೇರಿಂಗ್ ಥಿನ್’. ಮುಂದಿನ ಬ್ರೇಕ್ ಪ್ಯಾಡುಗಳು ಸವೆದು ತೆಳ್ಳಗಾಗ್ತಾ ಬಂದಿವೆ ಅಂತ. ಇಂಥ ಸಾಲಿಗೆ ಇಲ್ಲಿ ‘ಅಡ್ವೈಸರಿ’ ಅಂತಾರೆ. ಫೇಲ್ ಮಾಡುವಂಥದ್ದಲ್ಲ, ಕಣ್ಣಿಟ್ಟಿರಿ ಅಂತ ಹೇಳೋದು.

‘ಎಷ್ಟು ಉಳಿದಿದೆ?’ ಅಂತ ಕೇಳಿದೆ. ‘ನಾಲ್ಕು ಮಿಲಿಮೀಟರ್ ಇರಬಹುದು’ ಅಂದ ಟೆಸ್ಟರ್.

ಮನೆಗೆ ಬಂದು ಲೆಕ್ಕ ಹಾಕಿದೆ. ಹೊಸ ಪ್ಯಾಡು ಸುಮಾರು 12 ಮಿಲಿಮೀಟರ್. ಹಾಕಿಸಿದ ಮೇಲೆ ಓಡಿರೋದು 40,000 ಮೈಲಿ. ಸವೆದಿರೋದು 8 ಮಿಲಿಮೀಟರ್. ಅಂದ್ರೆ 5,000 ಮೈಲಿಗೆ ಒಂದು ಮಿಲಿಮೀಟರ್. ಫೇಲ್ ಆಗೋ ಗೆರೆ 1.5 ಮಿಲಿಮೀಟರ್. ಇನ್ನೂ 2.5 ಮಿಲಿಮೀಟರ್ ಇದೆ, 12,500 ಮೈಲಿ ಓಡಿಸಬಹುದು. ನಾವು ವರ್ಷಕ್ಕೆ ಓಡಿಸೋದೇ 8,000 ಮೈಲಿ. ಮುಂದಿನ ಎಂಓಟಿವರೆಗೆ ಚಿಂತೆಯಿಲ್ಲ. ನಾನು ಕೆಲಸ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ‘ಗೊತ್ತಿರುವ ಸಮಸ್ಯೆಗಳು’ ಅಂತ ಒಂದು ಪಟ್ಟಿ ಮಾಡಿ, ಅದನ್ನ ಮುಂದಿನ ರಿಲೀಸಿಗೆ ತಳ್ಳಿ, ಈ ರಿಲೀಸನ್ನ ಪಾಸ್ ಮಾಡೋದು ನಮಗೆ ಅಭ್ಯಾಸ. ಇದನ್ನೂ ಹಾಗೇ ತಳ್ಳಿದೆ.

ಮೇ ತಿಂಗಳಲ್ಲಿ ಅಪ್ಪ ಬಂದರು.

ಅಪ್ಪನದು ಸಕಲೇಶಪುರದಲ್ಲಿ ಲಾರಿ ಗ್ಯಾರೇಜು. ಈಗ ಮುಚ್ಚಿ ಆರು ವರ್ಷ ಆಯ್ತು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಶಿರಾಡಿ ಘಾಟಿ ಇಳಿಯೋಕೆ ಮುಂಚೆ ಸಿಗೋ ದೊಡ್ಡ ಊರು ನಮ್ಮದೇ. ಗುಂಡ್ಯದ ಕಡೆ ಇಳಿಯೋ ಲಾರಿಗಳು ನಮ್ಮ ಗ್ಯಾರೇಜಿನ ಮುಂದೆ ನಿಲ್ತಿದ್ದವು. ಡ್ರೈವರ್‌ಗಳು ಟೀ ಕುಡಿಯೋ ಹೊತ್ತಿಗೆ ಅಪ್ಪ ಗಾಡಿ ಕೆಳಗೆ ತೂರಿ ಬ್ರೇಕ್ ಲೈನರ್ ನೋಡ್ತಿದ್ದರು. ನಾನು ಅಂಕಿ ಕಲಿತಿದ್ದೇ ಪಾನಾಗಳಿಂದ. ‘ಪುಟ್ಟಿ, ಹದಿನಾಲ್ಕು-ಹದಿನೈದು ಕೊಡು’ ಅಂದ್ರೆ ಸರಿಯಾದದ್ದನ್ನೇ ಹುಡುಕಿ ಕೊಡಬೇಕಿತ್ತು. ಆಮೇಲೆ ಇಂಜಿನಿಯರಿಂಗ್ ಸೇರಿದೆ, ಕಂಪ್ಯೂಟರ್ ಕಡೆ ಹೋದೆ, ಪಾನಾ ಮುಟ್ಟಿ ಇಪ್ಪತ್ತು ವರ್ಷವಾಯ್ತು.

ಒಂದು ಗುರುವಾರ ಸಂಜೆ ಅಪ್ಪನನ್ನ ಕೂರಿಸ್ಕೊಂಡು ತರಕಾರಿ ತರೋಕೆ ಹೊರಟೆ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಎರಡೂ ಕಡೆ ಇಟ್ಟಿಗೆ ಗೋಡೆ. ನಿಧಾನಕ್ಕೆ ಹೋಗ್ತಿದ್ವಿ. ಅಪ್ಪ ಕಿಟಕಿ ಇಳಿಸಿದರು.

‘ಆ ಹಾಡು ನಿಲ್ಲಿಸು.’

ನಿಲ್ಲಿಸಿದೆ.

‘ಕೇಳ್ತಾ?’

ನನಗೆ ಏನೂ ಕೇಳಲಿಲ್ಲ. ಇನ್ನೊಂದು ಸ್ವಲ್ಪ ಮುಂದೆ ಹೋದ ಮೇಲೆ ಗೋಡೆಗೆ ಬಡಿದು ವಾಪಸ್ ಬರ್ತಾ ಇರೋ ಒಂದು ಸಣ್ಣ ಕೀಚಲು ಶಬ್ದ ಕಿವಿಗೆ ಬಿತ್ತು. ಚಕ್ರ ಒಂದು ಸುತ್ತು ಬಂದಾಗೊಮ್ಮೆ ಬರೋ ‘ಕೀಂ’.

‘ಬ್ರೇಕು ನೋಡಿಸಿದ್ದು ಯಾವಾಗ?’

‘ಅಪ್ಪ, ಎಂಓಟಿ ಪಾಸಾಗಿದೆ. ಇಲ್ಲಿಯ ಎಫ್‌ಸಿ. ಬಹಳ ಸ್ಟ್ರಿಕ್ಟ್ ಇಲ್ಲಿ.’

‘ಯಾವಾಗ ಅಂತ ಕೇಳಿದೆ ಕಣಮ್ಮ.’

‘ಅಕ್ಟೋಬರು.’

ಅಪ್ಪ ಬೆರಳು ಮಡಿಸಿ ಎಣಿಸಿದರು. ‘ಏಳು ತಿಂಗಳು. ಮಧ್ಯ ಒಂದು ಚಳಿಗಾಲ.’ ಅಷ್ಟಕ್ಕೇ ಸುಮ್ಮನಾದರು.

ಆ ಶನಿವಾರ ನಾವು ಪೀಕ್ ಡಿಸ್ಟ್ರಿಕ್ಟ್‌ಗೆ ಹೊರಡೋದಿತ್ತು. ಕ್ಯಾಸಲ್‌ಟನ್ ಅನ್ನೋ ಹಳ್ಳಿ, ಅದಕ್ಕೆ ಇಳಿಯೋ ವಿನಾಟ್ಸ್ ಪಾಸ್ ಅನ್ನೋ ಕಣಿವೆ ರಸ್ತೆ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ, ಐದು ಅಡಿ ಹೋದರೆ ಒಂದು ಅಡಿ ಇಳಿಯೋಷ್ಟು ಕಡಿದು. ಮೊದಲು ಪಕ್ಕದ ಮ್ಯಾಮ್ ಟಾರ್ ಬೆಟ್ಟದ ಕೆಳಗೆ ಸರಾಗವಾದ ರಸ್ತೆ ಇತ್ತಂತೆ. ಗುಡ್ಡ ಜರಿದೂ ಜರಿದೂ 1979ರಲ್ಲಿ ಅದನ್ನ ಮುಚ್ಚಿಬಿಟ್ಟರು. ಅಪ್ಪನಿಗೆ ‘ಇಂಗ್ಲೆಂಡಿನ ಘಾಟಿ’ ತೋರಿಸಬೇಕು ಅನ್ನೋದು ನನ್ನ ಆಸೆ.

ಶುಕ್ರವಾರ ಆಫೀಸಿಂದ ಬಂದಾಗ ಅಪ್ಪ ಮನೆ ಮುಂದೆ ನಿಂತಿದ್ದರು. ಕಾರು ನಿಲ್ಲಿಸಿದ ಕೂಡಲೇ ಮುಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದರು, ಮುಟ್ಟಲಿಲ್ಲ. ‘ಎಡಗಡೆದು ಬಿಸಿ ಜಾಸ್ತಿ’ ಅಂದರು. ಆಮೇಲೆ ರಿಮ್ ತೋರಿಸಿದರು. ಬಲಗಡೆಯ ರಿಮ್ ಮೇಲೆ ಬೂದು ಬಣ್ಣದ ಧೂಳು, ಎಡಗಡೆಯದರ ಮೇಲೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಪುಡಿ. ಏಳು ತಿಂಗಳು ದಿನಾ ಆ ಬಾಗಿಲಿನ ಪಕ್ಕ ಓಡಾಡಿದ್ದೀನಿ. ಕಾರು ತೊಳೆಸಬೇಕು ಅಂತ ಅನ್ನಿಸಿತ್ತೇ ವಿನಾ ಒಂದು ಕಡೆಗಿಂತ ಇನ್ನೊಂದು ಕಡೆ ಯಾಕೆ ಕಪ್ಪು ಅಂತ ಕೇಳ್ಕೊಂಡಿರಲಿಲ್ಲ. ಆ ಪುಡಿ ಅಂದ್ರೆ ಸವೆದ ಪ್ಯಾಡೇ.

ಮೊಬೈಲ್ ಟಾರ್ಚ್ ಹಾಕಿ ರಿಮ್ಮಿನ ಸಂದಿಯಿಂದ ನೋಡಿದೆ. ಹೊಳೆಯೋ ಡಿಸ್ಕು, ಅದಕ್ಕೆ ಒತ್ತಿಕೊಂಡು ಪ್ಯಾಡು. ‘ನೋಡಿ ಅಪ್ಪ, ಒಂದು ಸೆಂಟಿಮೀಟರ್ ಹತ್ತಿರ ಇದೆ!’ ಅಂದೆ.

ಅಪ್ಪ ಬಗ್ಗಿ ನೋಡಿ ನಕ್ಕರು. ‘ಅದರಲ್ಲಿ ಅರ್ಧ ಕಬ್ಬಿಣ ಕಣೇ. ಹಿಂದಿನ ತಟ್ಟೆನೂ ಸೇರಿಸಿ ಲೆಕ್ಕ ಹಾಕ್ತಾ ಇದ್ದೀಯಲ್ಲ. ಡಿಸ್ಕಿಗೆ ತಾಗೋ ಕಪ್ಪು ಭಾಗ ಎಷ್ಟಿದೆ ಅಷ್ಟೇ ಪ್ಯಾಡು.’

ಮತ್ತೆ ನೋಡಿದೆ. ನಾಲ್ಕಕ್ಕೆ ಸ್ವಲ್ಪ ಕಮ್ಮಿ. ‘ಆದ್ರೂ ಸಾಕಷ್ಟಿದೆಯಲ್ಲ?’

‘ಇದು ಹೊರಗಡೆದು. ಒಳಗಡೆದು?’

ಅಲ್ಲೇ ನನ್ನ ಲೆಕ್ಕ ನಿಂತುಹೋಯ್ತು. ಒಂದು ಡಿಸ್ಕಿಗೆ ಎರಡು ಪ್ಯಾಡು ಇರುತ್ತೆ, ಆಚೆಗೊಂದು ಈಚೆಗೊಂದು. ನಮ್ಮಂಥ ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಇರೋದು ಒಳಗಡೆ ಮಾತ್ರ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನ ಡಿಸ್ಕಿಗೆ ತಳ್ಳುತ್ತೆ. ಆ ಒತ್ತಡಕ್ಕೇ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳ್ಕೊಂಡು ಬರುತ್ತೆ. ಆ ಪಿನ್ನು ತುಕ್ಕು ಹಿಡಿದು ಜಾರದೇ ಹೋದರೆ ಹೊರಗಿನ ಪ್ಯಾಡು ಆರಾಮಾಗಿರುತ್ತೆ, ಕೆಲಸವೆಲ್ಲ ಒಳಗಿನದರ ತಲೆ ಮೇಲೆ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟಬಾರದು ಅಂತ ಉಪ್ಪು ಸುರೀತಾರೆ. ಅಪ್ಪ ‘ಮಧ್ಯ ಒಂದು ಚಳಿಗಾಲ’ ಅಂದಿದ್ದು ಅದಕ್ಕೇ.

‘ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸು’ ಅಂದರು. ಚಕ್ರದ ಹಿಂಭಾಗ ಹೊರಗೆ ಬಂತು. ಟಾರ್ಚ್ ಆನ್ ಮಾಡಿದ ಮೊಬೈಲನ್ನ ಆ ಸಂದಿಗೆ ತೂರಿಸಿ ವಿಡಿಯೋ ಮಾಡಿದೆ. ಮೊದಲ ಎರಡು ಸಲ ಬರೀ ಕತ್ತಲು. ಮೂರನೇ ಸಲ ಕಂಡಿತು: ಮೇಲ್ಗಡೆ ಒಂದು ತೆಳು ಕಪ್ಪು ಗೆರೆ, ಕೆಳಕ್ಕೆ ಬರ್ತಾ ಬರ್ತಾ ಆ ಗೆರೆಯೇ ಇಲ್ಲ. ಪ್ಯಾಡಿನ ತಟ್ಟೆಗೆ ಹೊಂದಿಸಿದ್ದ ಸಣ್ಣ ಕಬ್ಬಿಣದ ನಾಲಿಗೆ ಡಿಸ್ಕಿಗೆ ತಾಗ್ತಾ ಇತ್ತು. ಪ್ಯಾಡು ತೀರಾ ಸವೆದಾಗ ಕೀಚಲಿ ಅಂತಲೇ ಇಟ್ಟಿರೋ ನಾಲಿಗೆ ಅದು. ನಾನು ಅದರ ಮೇಲೆ ಹಾಡು ಹಾಕ್ಕೊಂಡು ಓಡಾಡ್ತಿದ್ದೆ.

ಅಷ್ಟಾದರೂ ನಾನು ಒಪ್ಪಲಿಲ್ಲ. ಕಾಟೇಜ್ ಬುಕ್ ಆಗಿದೆ, ದುಡ್ಡು ವಾಪಸ್ ಬರಲ್ಲ, ಪುಳಿಯೋಗರೆ ಗೊಜ್ಜು ಮಾಡಿಟ್ಟಿದ್ದೀನಿ. ‘ಇಷ್ಟು ದಿನ ಓಡಿದೆ, ಇನ್ನೆರಡು ದಿನ ಓಡಲ್ವಾ? ಸೋಮವಾರ ಹಾಕಿಸ್ತೀನಿ’ ಅಂದೆ.

‘ನಾನು ಬರಲ್ಲ’ ಅಂದರು ಅಪ್ಪ. ‘ಮಗೂನೂ ಕಳಿಸಲ್ಲ.’

ನನ್ನ ಗಂಡ ‘ಮಾವ ಹೇಳಿದ ಮೇಲೆ ಮುಗೀತು ಬಿಡು’ ಅಂತ ಚೀಲದಿಂದ ಬಟ್ಟೆ ತೆಗೆದರು. ಮಗಳು ಅತ್ತಳು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸ್ವಲ್ಪ ಜೋರಾಗೇ ತೊಳೆದೆ.

ಶನಿವಾರ ಬೆಳಿಗ್ಗೆ ಓಣಿಗಳಲ್ಲೇ ಹತ್ತು-ಹದಿನೈದು ಮೈಲಿ ವೇಗದಲ್ಲಿ ಗ್ಯಾರೇಜಿಗೆ ಹೋದೆವು. ನಿಜ ಹೇಳಬೇಕಂದ್ರೆ ಅಷ್ಟೂ ಓಡಿಸಬಾರದಿತ್ತು. ಚಕ್ರ ಬಿಚ್ಚಿದ ಹುಡುಗ ಹೊರಗಿನ ಪ್ಯಾಡು ನನ್ನ ಕೈಗಿಟ್ಟ, 3.5 ಮಿಲಿಮೀಟರ್. ಒಳಗಿನದು ಒಂದು ತುದಿಯಲ್ಲಿ ಒಂದು ಮಿಲಿಮೀಟರ್, ಇನ್ನೊಂದು ತುದಿಯಲ್ಲಿ ಬರೀ ಕಬ್ಬಿಣ. ಡಿಸ್ಕಿನ ಒಳಮೈಯಲ್ಲಿ ಗ್ರಾಮಫೋನ್ ತಟ್ಟೆ ಥರ ಗೀರು. ಪಿನ್ನನ್ನ ಸುತ್ತಿಗೆಯಲ್ಲಿ ಹೊಡೆದು ತೆಗೀಬೇಕಾಯ್ತು. ಅಪ್ಪನಿಗೂ ಆ ಹುಡುಗನಿಗೂ ಭಾಷೆ ಬರ್ತಿರಲಿಲ್ಲ, ಆದರೆ ಪಿನ್ನು ತೋರಿಸಿ ಇಬ್ಬರೂ ಒಂದೇ ಥರ ತಲೆ ಆಡಿಸಿದರು.

ಹಾಗಾದ್ರೆ ಅಕ್ಟೋಬರಿನಲ್ಲಿ ನೋಡಿದವನು ಸರಿಯಾಗಿ ನೋಡಲಿಲ್ವಾ? ಆ ಪ್ರಶ್ನೆ ಇಟ್ಕೊಂಡು ಎಂಓಟಿಯ ನಿಯಮ ಓದಿದೆ. ಟೆಸ್ಟರ್ ಚಕ್ರ ಬಿಚ್ಚೋ ಹಾಗಿಲ್ಲ. ಬಿಚ್ಚದೇ ಎಷ್ಟು ಕಾಣುತ್ತೋ ಅಷ್ಟೇ ನೋಡಬೇಕು. ಜೊತೆಗೆ ಗಾಡಿಯನ್ನ ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೀತಾರೆ. ನಮ್ಮ ಕಾರಿನ ವಯಸ್ಸಿನದಕ್ಕೆ ನಾಲ್ಕೂ ಚಕ್ರದ ಬ್ರೇಕ್ ಬಲ ಸೇರಿ ಗಾಡಿ ತೂಕದ ಶೇ. 58 ಇರಬೇಕು, ಹ್ಯಾಂಡ್‌ಬ್ರೇಕ್ ಶೇ. 16. ಎಡ-ಬಲದ ವ್ಯತ್ಯಾಸ ಶೇ. 30 ದಾಟಬಾರದು. ಒಳ್ಳೆಯ ಪರೀಕ್ಷೆಯೇ. ಆದರೆ ಇದರಲ್ಲೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ: ಎರಡು ಮಿಲಿಮೀಟರ್ ಉಳಿದಿರೋ ಪ್ಯಾಡು ಕೂಡ ರೋಲರ್ ಮೇಲೆ ಹೊಸ ಪ್ಯಾಡಿನಷ್ಟೇ ಚೆನ್ನಾಗಿ ಹಿಡಿಯಬಹುದು. ಇವತ್ತು ಎಷ್ಟು ಹಿಡಿಯುತ್ತೆ ಅಂತ ಯಂತ್ರ ಹೇಳುತ್ತೆ, ಇನ್ನೆಷ್ಟು ದಿನ ಅಂತ ಹೇಳಲ್ಲ. ಅದಕ್ಕೆ ಕಣ್ಣೇ ಬೇಕು. ಕಣ್ಣು ಕಂಡಿದ್ದನ್ನ ಆ ಟೆಸ್ಟರ್ ಬರೆದೂ ಕೊಟ್ಟಿದ್ದ.

2018ರ ಮೇ ತಿಂಗಳಿಂದ ದೋಷಗಳನ್ನ ಮೂರು ಥರ ವಿಂಗಡಿಸ್ತಾರೆ: ಮೈನರ್, ಮೇಜರ್, ಡೇಂಜರಸ್. ಪ್ಯಾಡು 1.5 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಡೇಂಜರಸ್, ರಿಪೇರಿ ಆಗದೇ ಗಾಡಿ ರಸ್ತೆಗಿಳಿಸೋ ಹಾಗಿಲ್ಲ. ಇನ್ನೂ ಒಂದಿದೆ. ಎಂಓಟಿ ಪಾಸಾಗಿದ್ದು ಅವಧಿ ಮುಗಿಯದಿದ್ದರೂ ಅಪಾಯಕರ ಸ್ಥಿತಿಯ ಗಾಡಿ ಓಡಿಸಿದರೆ 2,500 ಪೌಂಡ್‌ವರೆಗೆ ದಂಡ ಬೀಳಬಹುದು, ಲೈಸೆನ್ಸಿಗೆ ಮೂರು ಪಾಯಿಂಟು. ಅಂದ್ರೆ ಕಾನೂನಿನ ಪ್ರಕಾರವೂ ಆ ಪಾಸು ಪರೀಕ್ಷೆ ಮಾಡಿದ ದಿನದ್ದು. ಉಳಿದ 364 ದಿನ ಓಡಿಸುವವರ ಲೆಕ್ಕ.

ಗ್ಯಾರೇಜಿಂದ ಬಂದ ರಾತ್ರಿ, ಕ್ಯಾಸಲ್‌ಟನ್‌ನಲ್ಲಿ ತಿನ್ನಬೇಕಿದ್ದ ಪುಳಿಯೋಗರೆಯನ್ನ ಮನೆಯಲ್ಲೇ ತಿಂದೆವು. ನನಗೆ ಬೇಜಾರಿಗಿಂತ ನಾಚಿಕೆ ಜಾಸ್ತಿ. ‘ಸಾರಿ ಅಪ್ಪ, ನಿನ್ನೆ ಹಾಗೆ ಮಾತಾಡಬಾರದಿತ್ತು’ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ವಿಷಯ ಹೇಳಿದರು. ನಾನು ಹೈಸ್ಕೂಲಿನಲ್ಲಿದ್ದಾಗಿನದು. ಮಳೆಗಾಲ, ಸಂಜೆ ಹೊತ್ತು, ಒಂದು ಲೋಡ್ ಲಾರಿ ಬಂದು ನಿಂತಿತ್ತಂತೆ. ಹಿಂದಿನ ಡ್ರಮ್ಮಿನಲ್ಲಿ ಲೈನರ್ ಸವೆದು ರಿವೆಟ್ ತಲೆ ಕಾಣೋ ಮಟ್ಟಕ್ಕೆ ಬಂದಿತ್ತು. ಅಪ್ಪ ‘ಇಳೀಬೇಡ’ ಅಂದರಂತೆ. ಡ್ರೈವರು ಮಾಲೀಕನಿಗೆ ಫೋನ್ ಮಾಡಿದ. ಬೆಳಿಗ್ಗೆ ಒಳಗೆ ಮಂಗಳೂರಲ್ಲಿ ಲೋಡ್ ಇಳೀಬೇಕು, ಇಷ್ಟು ದಿನ ಓಡಿದ್ದು ಇನ್ನೊಂದು ಟ್ರಿಪ್ ಓಡಲ್ವಾ ಅಂದನಂತೆ ಮಾಲೀಕ. ಲೈನರ್ ಬೇರೆ ಹಾಸನದಿಂದ ಬರಬೇಕಿತ್ತು. ಅಪ್ಪ ಬ್ರೇಕ್ ಟೈಟ್ ಮಾಡಿ ‘ಫಸ್ಟು-ಸೆಕೆಂಡಲ್ಲೇ ಇಳಿಸು, ಬ್ರೇಕ್ ಮೇಲೆ ಕಾಲಿಟ್ಕೊಂಡು ಹೋಗ್ಬೇಡ’ ಅಂತ ಹೇಳಿ ಕಳಿಸಿಬಿಟ್ಟರು.

ಉದ್ದದ ಇಳಿಜಾರಿನಲ್ಲಿ ಆಗೋದು ಇಷ್ಟು: ಗಾಡಿಯ ವೇಗವೆಲ್ಲ ಬ್ರೇಕಿನಲ್ಲಿ ಶಾಖ ಆಗುತ್ತೆ. ಡ್ರಮ್ಮು ಕಾದು ಹಿಗ್ಗುತ್ತೆ, ಲೈನರ್ ಹಿಡಿತ ಕಳ್ಕೊಳ್ಳುತ್ತೆ, ಎಷ್ಟು ಒತ್ತಿದರೂ ಗಾಡಿ ನಿಲ್ಲಲ್ಲ. ಕಾರಿನಲ್ಲಿ ಇನ್ನೊಂದು ಅಪಾಯ. ಪ್ಯಾಡು ತೆಳುವಾದಷ್ಟೂ ಶಾಖ ಬೇಗ ಬ್ರೇಕ್ ಆಯಿಲ್‌ಗೆ ದಾಟುತ್ತೆ. ಆ ಆಯಿಲ್ ಗಾಳಿಯಿಂದ ನೀರು ಹೀರ್ಕೊಳ್ಳುತ್ತೆ. ಡಾಟ್ 4 ಅನ್ನೋದು ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮ, ನೀರು ಸೇರಿದ ಮೇಲೆ ಅದೇ ನಿಯಮ 155 ಡಿಗ್ರಿಗೆ ಇಳಿಯುತ್ತೆ. ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ಗೇರ್ ಇಳಿಸಿ ಇಂಜಿನ್ನಿನಿಂದಲೇ ವೇಗ ತಡೀಬೇಕು ಅಂತ ಘಾಟಿ ಡ್ರೈವರ್‌ಗಳು ಹೇಳೋದು ಇದಕ್ಕೇ.

‘ಅವತ್ತು ರಾತ್ರಿ ನಾನು ಮನೆಗೆ ಬರಲಿಲ್ಲ, ನೆನಪಿದೆಯಾ ನಿನಗೆ?’ ಅಂದರು. ನನಗೆ ನೆನಪಿರಲಿಲ್ಲ. ‘ಗ್ಯಾರೇಜಲ್ಲೇ ಕೂತಿದ್ದೆ. ಕೆಳಗಿಂದ ಹತ್ತಿ ಬಂದ ಪ್ರತಿಯೊಂದು ಗಾಡೀನೂ ನಿಲ್ಲಿಸಿ ಕೇಳ್ದೆ, ಘಾಟೀಲಿ ಏನಾದ್ರೂ ಆಗಿದ್ಯಾ ಅಂತ.’

‘ಏನಾಯ್ತು?’

‘ಏನೂ ಆಗಲಿಲ್ಲ. ತಲುಪಿದ. ಮೂರು ದಿನ ಬಿಟ್ಟು ವಾಪಸ್ ಬಂದು, ನೋಡಿ ಅಣ್ಣ, ನೀವು ಸುಮ್ಮನೆ ಹೆದರಿಸಿದ್ರಿ ಅಂತ ನಕ್ಕ.’ ಅಪ್ಪ ತಟ್ಟೆಯಲ್ಲಿದ್ದ ಕರಿಬೇವನ್ನ ಪಕ್ಕಕ್ಕಿಟ್ಟರು. ‘ಅವನು ತಲುಪಿದ ಅಂತ ಬ್ರೇಕು ಚೆನ್ನಾಗಿತ್ತು ಅಂತಲ್ಲ ಪುಟ್ಟಿ. ನಾನು ಕಳಿಸಿದ್ದು ತಪ್ಪೇ. ಆಮೇಲೆ ಯಾರನ್ನೂ ಕಳಿಸಲಿಲ್ಲ. ಅದಕ್ಕೇ ಎಷ್ಟೋ ಗಿರಾಕಿಗಳು ಬೇರೆ ಗ್ಯಾರೇಜಿಗೆ ಹೋದರು.’

ನಮ್ಮ ಗ್ಯಾರೇಜು ಯಾಕೆ ದೊಡ್ಡದಾಗಲಿಲ್ಲ ಅಂತ ಅಮ್ಮ ಯಾವಾಗಲೂ ಗೊಣಗ್ತಿದ್ದರು. ಕಾರಣ ನನಗೆ ತಿಳಿದಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಕವೆಂಟ್ರಿಯ ಅಡುಗೆಮನೆಯಲ್ಲಿ.

‘ಇಷ್ಟು ದಿನ ಓಡಿದೆಯಲ್ಲ’ ಅನ್ನೋ ಮಾತನ್ನ ನಾನೂ ಆ ಮಾಲೀಕನೂ ಒಂದೇ ಥರ ಹೇಳಿದ್ದೆವು. ಸವೆತದ ವಿಷಯದಲ್ಲಿ ಇಷ್ಟು ದಿನ ಓಡಿದ್ದು ಇನ್ನೂ ಓಡುತ್ತೆ ಅನ್ನೋದಕ್ಕೆ ಆಧಾರ ಅಲ್ಲ. ಓಡಿದಷ್ಟೂ ಸವೆದಿರುತ್ತೆ, ಅಷ್ಟೇ. ಈಗ ಆಫೀಸಿನಲ್ಲೂ ‘ಗೊತ್ತಿರುವ ಸಮಸ್ಯೆಗಳು’ ಪಟ್ಟಿ ಬಂದಾಗ ಪ್ರತಿ ಸಾಲಿನ ಮುಂದೆ ಇದನ್ನ ಕೊನೆಯ ಸಲ ನೋಡಿದ್ದು ಯಾವಾಗ ಅಂತ ತಾರೀಖು ಕೇಳ್ತೀನಿ. ಟೀಮಿನವರಿಗೆ ಸ್ವಲ್ಪ ಕಿರಿಕಿರಿ.

ಎರಡು ವಾರ ಬಿಟ್ಟು ಹೊಸ ಪ್ಯಾಡು, ಹೊಸ ಡಿಸ್ಕು, ಹೊಸ ಬ್ರೇಕ್ ಆಯಿಲ್ ಜೊತೆ ವಿನಾಟ್ಸ್ ಪಾಸ್ ಇಳಿದೆವು. ಎರಡನೇ ಗೇರಿನಲ್ಲಿ, ಕಿಟಕಿ ಇಳಿಸ್ಕೊಂಡು, ಹಾಡಿಲ್ಲದೆ. ಇಳಿದು ಮುಗಿದ ಮೇಲೆ ಅಪ್ಪ ‘ಇಷ್ಟೇನಾ ನಿಮ್ಮ ಘಾಟಿ?’ ಅಂದರು.

ಈ ಅಕ್ಟೋಬರಿನಲ್ಲಿ ಮತ್ತೆ ಎಂಓಟಿ ಆಯ್ತು. ಸಕಲೇಶಪುರಕ್ಕೆ ಫೋನ್ ಮಾಡಿ ‘ಪಾಸಾಯ್ತು ಅಪ್ಪ’ ಅಂದೆ.

‘ಅದಿರಲಿ, ಕೆಳಗೆ ಏನು ಬರೆದಿದ್ದಾರೆ ಓದು.’

ಹಿಂದಿನ ಒಂದು ಟೈರಿನ ಅಂಚು ಸವೆದಿದೆ ಅಂತ ಬರೆದಿದ್ದರು. ಓದಿ ಹೇಳಿದೆ.

‘ಯಾವ ಅಂಚು? ಒಳಗಡೆದಾ, ಹೊರಗಡೆದಾ?’

ಇರಿ ಅಪ್ಪ ಅಂತ ಹೇಳಿ, ಟಾರ್ಚ್ ಹಾಕ್ಕೊಂಡು ಹೊರಗೆ ಹೋದೆ.